ಒಂಟಿ ಜೇನಿನ ಗೂಡುಪೆಟ್ಟಿಗೆ ಮತ್ತು ಕೋಗಿಲೆ ಕಣಜ: ಕಟ್ಟುವುದು, ಕಾಯುವುದು, ಗುರುತಿಸುವುದು

ಒಂಟಿಯಾಗಿ ಗೂಡು ಕಟ್ಟುವ ಜೇನುಗಳಿಗೆಂದು ಬಿದಿರಿನ ಕೊಳವೆಗಳನ್ನು ಕಟ್ಟಿ ತೋಟದಲ್ಲಿ ಇಟ್ಟವರು ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆ ಒಂದಿದೆ. ಹಸಿರು, ನೀಲಿ ಮಿಂಚುವ ಪುಟ್ಟ ಹುಳುವೊಂದು ಕೊಳವೆಯಿಂದ ಕೊಳವೆಗೆ ಮೂಗು ತೂರಿಸುತ್ತಾ ಓಡಾಡುತ್ತಿದೆ, ಅದು ಯಾವುದು, ಕೊಲ್ಲಬೇಕೆ? ಅದು ಕೋಗಿಲೆ ಕಣಜ, ಕೋಗಿಲೆಯಂತೆ ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ ಹುಳು. ಕೊಲ್ಲಬೇಕಾಗಿಲ್ಲ. ಪೆಟ್ಟಿಗೆಯನ್ನು ನಿಜವಾಗಿ ಹಾಳುಮಾಡುವ ಹುಳುಗಳು ಬೇರೆ ಇವೆ. ಅವು ಮಿಂಚುವುದಿಲ್ಲ, ಸುಲಭಕ್ಕೆ ಕಣ್ಣಿಗೂ ಬೀಳುವುದಿಲ್ಲ.

ಗೂಡಿಗೆ ಕನ್ನ ಹಾಕುವ ಹುಳುಗಳಲ್ಲಿ ಎರಡು ಬಗೆ. ಬಾಗಿಲು ತೆರೆದಿರುವಾಗಲೇ ಒಳಗೆ ಹೋಗಿ ಮೊಟ್ಟೆಯಿಟ್ಟು ಬರುವಂಥವು ಒಂದು, ಬಾಗಿಲು ಮುಚ್ಚಿದ ಮೇಲೆ ಗೋಡೆ ಕೊರೆದು ನುಗ್ಗುವಂಥವು ಇನ್ನೊಂದು. ಬಿದಿರಿನ ಪೆಟ್ಟಿಗೆಯಲ್ಲಿ ನಿಮಗೆ ಕಾಣುವ ಕೋಗಿಲೆ ಕಣಜಗಳಲ್ಲಿ ಹೆಚ್ಚಿನವು ಮೊದಲನೆಯ ಗುಂಪಿನವು. ಕೊಳವೆಯನ್ನು ಯಾವಾಗ ತೆಗೆಯಬೇಕು, ಎಲ್ಲಿ ಇಡಬೇಕು, ಯಾವ ಹೊತ್ತಿನಲ್ಲಿ ಕೂತು ನೋಡಬೇಕು ಎಂಬುದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಹುಳುವಿನ ಗುರುತು

ಕೋಗಿಲೆ ಕಣಜಗಳ ಕುಟುಂಬದ ಹೆಸರು ಕ್ರೈಸಿಡಿಡೆ. ಜಗತ್ತಿನಲ್ಲಿ ಸುಮಾರು 3,000 ಜಾತಿಗಳಿವೆ. ಹೆಚ್ಚಿನವು 5ರಿಂದ 12 ಮಿ.ಮೀ. ಉದ್ದ. ನಮ್ಮ ಮನೆಗಳ ಸುತ್ತ ಕಾಣುವ ಸ್ಟಿಲ್ಬಮ್ ಸಯನ್ಯೂರಮ್ ಮಾತ್ರ 20 ಮಿ.ಮೀ. ಹತ್ತಿರಕ್ಕೆ ಬೆಳೆಯಬಲ್ಲ ದೊಡ್ಡ ಜಾತಿ. ಬಣ್ಣ ನೋಡಿ ಮೋಸಹೋಗುವುದು ಸುಲಭ, ಆದ್ದರಿಂದ ಮೈಕಟ್ಟು ನೋಡಿ:

- ಮೈಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ಒತ್ತೊತ್ತಾದ ಕುಳಿಗಳಿರುತ್ತವೆ. ಚಿಪ್ಪು ದಪ್ಪ.
- ಸೊಂಟ ಸಣ್ಣಗೆ ಎದ್ದು ಕಾಣುವುದಿಲ್ಲ, ಎದೆಗೆ ಹೊಟ್ಟೆ ಅಂಟಿಕೊಂಡಂತಿರುತ್ತದೆ. ಮೇಲಿನಿಂದ ನೋಡಿದರೆ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರೇ ಪಟ್ಟಿಗಳು. ಉಳಿದವು ಒಳಗೆ ಮಡಚಿಕೊಂಡು ಮೊಟ್ಟೆಯಿಡುವ ನಳಿಕೆಯಾಗಿವೆ.
- ಹೊಟ್ಟೆಯ ಅಡಿಭಾಗ ಒಳಕ್ಕೆ ತಗ್ಗಾಗಿದೆ. ಮುಟ್ಟಿದರೆ ತಲೆಯನ್ನೂ ಕಾಲನ್ನೂ ಆ ತಗ್ಗಿಗೆ ಎಳೆದುಕೊಂಡು ಉಂಡೆಯಾಗುತ್ತದೆ.
- ಮೀಸೆಗಳು ಗಿಡ್ಡ, ಮೊಣಕೈಯಂತೆ ಬಾಗಿರುತ್ತವೆ, ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಇದರ ಕೊಂಡಿ ಹೆಸರಿಗಷ್ಟೇ ಉಳಿದಿದೆ. ಕೈಯಲ್ಲಿ ಹಿಡಿದರೂ ಚುಚ್ಚಿ ನೋಯಿಸಲಾರದು.

ತಪ್ಪು ಗುರುತಿಗೆ ಮೊದಲ ಕಾರಣ ಜಿರಳೆ ಬೇಟೆಯಾಡುವ ಆಂಪುಲೆಕ್ಸ್ ಕಂಪ್ರೆಸ್ಸಾ. ಅದೂ ಹಸಿರು ನೀಲಿ ಹೊಳೆಯುತ್ತದೆ. ಆದರೆ ಮೈ ನೀಳ, ಸೊಂಟ ಸಣ್ಣ, ನಡುವಿನ ಮತ್ತು ಹಿಂದಿನ ಕಾಲುಗಳ ತೊಡೆ ಕೆಂಪು. ಎರಡನೆಯದು ಸೆರಾಟಿನಾ ಕುಲದ ಹಸಿರು ಪುಟ್ಟ ಜೇನು. ಅದು ಹೂವಿನಲ್ಲಿ ಪರಾಗ ಕೆದಕುತ್ತದೆ, ಬಿಲದೊಳಗೆ ಅಂಜದೆ ನೇರವಾಗಿ ಹೋಗುತ್ತದೆ, ಏಕೆಂದರೆ ಅದು ಅದರದ್ದೇ ಮನೆ. ಹಸಿರು ನೊಣಕ್ಕೆ ಎರಡೇ ರೆಕ್ಕೆ, ದೊಡ್ಡ ಕಣ್ಣು, ಮೀಸೆ ಇದ್ದೂ ಇಲ್ಲದ ಹಾಗೆ.

ಮೊದಲು ಮನೆ, ಆಮೇಲೆ ಕಳ್ಳ

ಕೋಗಿಲೆ ಕಣಜಕ್ಕೆಂದೇ ಪೆಟ್ಟಿಗೆ ಕಟ್ಟಲು ಬರುವುದಿಲ್ಲ. ಗೂಡು ಕಟ್ಟುವವರು ಬಂದು ನೆಲೆಸಬೇಕು, ಆಗ ಅದು ತಾನಾಗಿ ಬರುತ್ತದೆ. ನಮ್ಮ ಕಡೆಯ ಕೊಳವೆಗಳಿಗೆ ಬರುವುದು ಬರೀ ಜೇನುಗಳಲ್ಲ. ಎಲೆ ಕತ್ತರಿಸುವ ಮೆಗಾಕೈಲ್ ಜೇನುಗಳ ಜೊತೆಗೆ, ಕಂಬಳಿಹುಳು ತುಂಬಿಸುವ ರಿಂಕಿಯಮ್‌ನಂಥ ಒಂಟಿ ಕಣಜಗಳು, ಜೇಡ ತುಂಬಿಸುವ ಟ್ರೈಪಾಕ್ಸಿಲಾನ್ ಮತ್ತು ನೀಲಿ ಕ್ಯಾಲಿಬಿಯನ್ ಕಣಜಗಳು ಕೂಡ ಅವೇ ತೂತುಗಳನ್ನು ಹಿಡಿಯುತ್ತವೆ. ಕೋಗಿಲೆ ಕಣಜಗಳ ಕಣ್ಣು ಈ ಎಲ್ಲರ ಮೇಲೂ ಇದೆ. ಕರ್ನಾಟಕದಲ್ಲಿ ಪೆಟ್ಟಿಗೆ ಇಟ್ಟವರು ಜೇನಿನ ಕೋಣೆಗಿಂತ ಮೊದಲು ಕಣಜದ ಕೋಣೆಯಲ್ಲಿ ಕೋಗಿಲೆ ಕಣಜವನ್ನು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಬೇಕಾದ ಸಾಮಾನು: ಒಣಗಿದ ಸಣ್ಣ ಬಿದಿರು, ಗರಗಸ, 120 ನಂಬರಿನ ಉಜ್ಜುಕಾಗದ, ಮಳೆನೀರು ತಡೆಯಲು ಹಂಚು ಅಥವಾ ತಗಡಿನ ತುಂಡು, ಕಬ್ಬಿಣದ ಕೊಳವೆ ಅಥವಾ ಮರದ ಗೂಟ, ಗ್ರೀಸ್, 2 ಸೆಂ.ಮೀ. ಕಣ್ಣಿನ ಕೋಳಿಬಲೆ.

ಬಿದಿರನ್ನು ಹಸಿಯಾಗಿ ಕಡಿದು ಹಾಗೇ ಬಳಸಿದರೆ ಹುಳ ಹಿಡಿದು ಪುಡಿ ಉದುರುತ್ತದೆ. ಎರಡು ವಾರ ನೀರಿನಲ್ಲಿ ಮುಳುಗಿಸಿಡಿ, ನಡುನಡುವೆ ನೀರು ಬದಲಿಸಿ, ಆಮೇಲೆ ನೆರಳಲ್ಲಿ ಮೂರು ವಾರ ಒಣಗಿಸಿ. ಪ್ರತಿ ತುಂಡನ್ನೂ ಗೆಣ್ಣಿನ ಹಿಂದೆ ಕತ್ತರಿಸಬೇಕು. ಗೆಣ್ಣೇ ಹಿಂಗೋಡೆ. ಎರಡೂ ಕಡೆ ತೆರೆದಿರುವ ಕೊಳವೆಯನ್ನು ಯಾವ ಜೇನೂ ಮೆಚ್ಚುವುದಿಲ್ಲ. ಗೆಣ್ಣಿನಿಂದ ಬಾಯಿಯವರೆಗೆ 12ರಿಂದ 15 ಸೆಂ.ಮೀ. ಉದ್ದವಿರಲಿ. ಮೆಗಾಕೈಲ್ ತಾಯಿ ಹೆಣ್ಣುಮರಿಗಳ ಮೊಟ್ಟೆಯನ್ನು ಒಳಗಿನ ಕೋಣೆಗಳಲ್ಲೂ ಗಂಡುಮರಿಗಳದ್ದನ್ನು ಬಾಗಿಲ ಹತ್ತಿರವೂ ಇಡುತ್ತದೆ. ಕೊಳವೆ ಗಿಡ್ಡವಾದರೆ ಗಂಡುಗಳೇ ಹೆಚ್ಚು ಹುಟ್ಟುತ್ತವೆ, ಮುಂದಿನ ತಲೆಮಾರಿಗೆ ಗೂಡು ಕಟ್ಟುವವರು ಕಡಿಮೆಯಾಗುತ್ತಾರೆ.

ಒಳ ಅಳತೆ ಬೆರಕೆಯಾಗಿರಲಿ. 20 ಕೊಳವೆಗಳ ಒಂದು ಕಟ್ಟಿನಲ್ಲಿ 4 ಮಿ.ಮೀ. ಐದು, 6 ಮಿ.ಮೀ. ಐದು, 8 ಮಿ.ಮೀ. ಆರು, 10 ಮಿ.ಮೀ. ನಾಲ್ಕು ಎಂದು ಹಾಕಿದರೆ ಸಾಕು. ಸಣ್ಣವು ಹೆರಿಯಾಡಿಸ್ ಜೇನಿಗೆ ಮತ್ತು ಟ್ರೈಪಾಕ್ಸಿಲಾನ್‌ಗೆ, 8ರವು ಎಲೆ ಕತ್ತರಿಸುವ ಜೇನಿಗೆ, ದೊಡ್ಡವು ಅಂಟು ಬಳಸುವ ಮೆಗಾಕೈಲ್‌ಗೆ ಮತ್ತು ರಿಂಕಿಯಮ್‌ಗೆ. ಅಳೆಯಲು ಡ್ರಿಲ್ ಬಿಟ್ಟಿನ ಹಿಂಬದಿಯೇ ಸಾಕು. ಬಾಯಂಚನ್ನು ಉಜ್ಜುಕಾಗದದಿಂದ ನುಣುಪು ಮಾಡದಿದ್ದರೆ ಸಿಬಿರು ರೆಕ್ಕೆಯನ್ನು ಹರಿಯುತ್ತದೆ. ಅಂಥ ತೂತುಗಳು ಖಾಲಿ ಉಳಿಯುವುದೇ ಹೆಚ್ಚು.

ಸೆರಾಟಿನಾಗಳಿಗೆ ತೂತು ಬೇಡ, ತಿರುಳಿರುವ ಕಡ್ಡಿ ಬೇಕು. ರತ್ನಗಂಧಿ, ಗುಲಾಬಿ, ಲಂಟಾನದ ಒಣ ಕಡ್ಡಿಗಳನ್ನು 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ತುದಿ ತೆರೆದಿರುವಂತೆ ಕಟ್ಟಿನ ಪಕ್ಕದಲ್ಲಿ ಸಿಕ್ಕಿಸಿ. ಅವು ತಾವೇ ಕೊರೆದುಕೊಳ್ಳುತ್ತವೆ.

ಪ್ಲಾಸ್ಟಿಕ್ ಸ್ಟ್ರಾ, ಪಿವಿಸಿ ಪೈಪಿನ ತುಂಡು ಬೇಡವೇ ಬೇಡ. ಪರಾಗದ ಉಂಡೆಯಲ್ಲಿರುವ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಚಂದದ ಪೆಟ್ಟಿಗೆಗಳಲ್ಲಿ ಪೈನ್ ಕಾಯಿ, ಹುಲ್ಲು, ತೊಗಟೆ ತುಂಬಿರುತ್ತಾರೆ. ಅವುಗಳಲ್ಲಿ ಜೇಡ, ಇರುವೆ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಒಳಗೆ ನೋಡಲು ಗಾಡಿಯ ಹಲಗೆ

ಬಿದಿರು ಗೂಡಿಗೆ ಒಳ್ಳೆಯದು, ಆದರೆ ಒಳಗೇನಾಗುತ್ತಿದೆ ಎಂದು ತೋರಿಸುವುದಿಲ್ಲ. ಕೋಗಿಲೆ ಕಣಜದ ಕೆಲಸ ನೋಡಬೇಕೆಂದರೆ ಗಾಡಿ, ಅಂದರೆ ಉದ್ದನೆಯ ತೋಡು, ಹೊಡೆದ ಒಂದು ಹಲಗೆಯಾದರೂ ಬೇಕು. ಬಡಗಿಯ ಹತ್ತಿರ ಹೇಳಿ ಮಾಡಿಸಬಹುದು.

ಸಿಲ್ವರ್ ಓಕ್ ಅಥವಾ ಹಲಸಿನ ಒಣ ಹಲಗೆ, 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ. ಒತ್ತುಹಲಗೆ, ಎಂಡಿಎಫ್ ಬೇಡ, ತೇವಕ್ಕೆ ಊದುತ್ತವೆ. ಅದರ ಮೇಲೆ ರೂಟರ್ ಯಂತ್ರದಿಂದ 6, 8, 8, 10 ಮಿ.ಮೀ. ಅಗಲದ ನಾಲ್ಕು ಗಾಡಿ ಹೊಡೆಸಿ. ಆಳವೂ ಅಗಲದಷ್ಟೇ, ಉದ್ದ 15 ಸೆಂ.ಮೀ., ಹಿಂಬದಿ ಮುಚ್ಚಿರಬೇಕು. ಎರಡು ಗಾಡಿಗಳ ನಡುವೆ 2 ಸೆಂ.ಮೀ. ಬಿಡಿ. ಮೇಲೆ ಪಾರದರ್ಶಕ ಓಎಚ್‌ಪಿ ಹಾಳೆ, ಅದರ ಮೇಲೆ 1 ಸೆಂ.ಮೀ. ದಪ್ಪದ ಮರದ ಮುಚ್ಚಳ, ನಾಲ್ಕು ಮೂಲೆಗೆ ಚಿಟ್ಟೆನಟ್ಟಿನ ಬೋಲ್ಟು. ಹಾಳೆ ಗಾಡಿಯ ಅಂಚಿಗೆ ಬಿಗಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಂದಿದ್ದರೂ ಒಂದು ಗಾಡಿಯ ಪೀಡೆ ಇನ್ನೊಂದಕ್ಕೆ ದಾಟುತ್ತದೆ.

ಮುಚ್ಚಳ ತೆಗೆಯುವುದು ಕತ್ತಲಾದ ಮೇಲೆ, ಅದೂ ಒಂದೆರಡು ನಿಮಿಷ ಮಾತ್ರ. ಹಗಲಲ್ಲಿ ತೆಗೆದರೆ ಬೆಳಕು ಬೇರೆ ಕಡೆಯಿಂದ ನುಗ್ಗಿ ತಾಯಿಗೆ ಗಲಿಬಿಲಿಯಾಗುತ್ತದೆ, ಕೆಲವು ಗೂಡು ಬಿಟ್ಟೇ ಹೋಗುತ್ತವೆ. ಬಿಸಿಲು ತಾಗಿದರೆ ಹಾಳೆಯ ಕೆಳಗೆ ಹಬೆ ಕಟ್ಟುತ್ತದೆ.

ಎಲ್ಲಿ, ಯಾವಾಗ

ಬಾಯಿ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಮೇಲೆ ನೆರಳಿರಬೇಕು. ಯುರೋಪಿನವರು ಬರೆದದ್ದನ್ನು ಓದಿ ದಕ್ಷಿಣಕ್ಕೋ ನೈರುತ್ಯಕ್ಕೋ ತಿರುಗಿಸಿದರೆ ಮುಂಗಾರಿನ ಇರಚಲು ನೇರವಾಗಿ ಕೊಳವೆಯೊಳಗೆ ಹೊಡೆಯುತ್ತದೆ. ಬಯಲುಸೀಮೆಯಲ್ಲಿ ಪಶ್ಚಿಮದ ಏಪ್ರಿಲ್ ಬಿಸಿಲಿಗೆ ಮರಿಹುಳುಗಳು ಒಳಗೇ ಬೆಂದುಹೋಗುತ್ತವೆ. ಎತ್ತರ 1ರಿಂದ 1.5 ಮೀಟರ್, ಕಣ್ಣಿನ ಮಟ್ಟಕ್ಕೆ ಬಂದರೆ ನೋಡಲೂ ಅನುಕೂಲ. ತೂಗಾಡಬಾರದು. ಗಾಳಿಗೆ ಅಲುಗುವ ಬಾಯಿಗೆ ಜೇನು ಇಳಿಯಲು ಕಷ್ಟ. ಕೊಳವೆಗಳನ್ನು ಬಾಯಿಯ ಕಡೆ ತುಸು ಕೆಳಕ್ಕೆ ಓಲಿಸಿ, ಬಿದ್ದ ನೀರು ಹೊರಗೆ ಹರಿಯಲಿ. ಮಾಡು ಬಾಯಿಗಿಂತ 8 ಸೆಂ.ಮೀ. ಮುಂದೆ ಚಾಚಿರಲಿ.

ಗೂಟದ ನಡುವೆ ಅಂಗೈ ಅಗಲದ ಗ್ರೀಸ್ ಪಟ್ಟಿ ಹಚ್ಚಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಇರುವೆಗಳು ಒಂದು ರಾತ್ರಿಯಲ್ಲಿ ಇಡೀ ಕಟ್ಟನ್ನು ಖಾಲಿ ಮಾಡುತ್ತವೆ. ಧೂಳು ಕೂತು ಗ್ರೀಸ್ ಗಟ್ಟಿಯಾಗುವುದರಿಂದ ಎರಡು ವಾರಕ್ಕೊಮ್ಮೆ ಕೆರೆದು ಹೊಸದು ಹಚ್ಚಬೇಕು. ಪಕ್ಕದ ಗಿಡದ ಒಂದು ಕೊಂಬೆ ತಾಗಿದ್ದರೂ ಅದೇ ಸೇತುವೆ. ಹಲ್ಲಿ, ಓತಿಕ್ಯಾತ, ಹಕ್ಕಿಗಳಿಗೆ ಬಾಯಿಯಿಂದ 5 ಸೆಂ.ಮೀ. ಮುಂದೆ ಕೋಳಿಬಲೆ ಬಿಗಿಯಿರಿ.

ಬಯಲುಸೀಮೆಯಲ್ಲಿ ಸೆಪ್ಟೆಂಬರ್ ಕೊನೆಗೆ, ಮಲೆನಾಡು ಕರಾವಳಿಯಲ್ಲಿ ಮಳೆ ಹಿಂದಾದ ಮೇಲೆ ಅಕ್ಟೋಬರ್‌ನಲ್ಲಿ ಇಟ್ಟರೆ ಸರಿ. ಹತ್ತಿರದಲ್ಲಿ ತೊಗರಿ, ಸೆಣಬು, ಎಳ್ಳು, ಸೂರ್ಯಕಾಂತಿ, ತುಳಸಿ ಇದ್ದರೆ ಜೇನುಗಳಿಗೆ ಪರಾಗಕ್ಕೆ ಕೊರತೆಯಿಲ್ಲ. ಎಲೆಗೆ ಗುಲಾಬಿ, ಹೊಂಗೆ, ಬೋಗನ್‌ವಿಲ್ಲಾ. ಕೋಗಿಲೆ ಕಣಜಗಳಲ್ಲಿ ಹೆಚ್ಚಿನವುಗಳ ನಾಲಿಗೆ ಗಿಡ್ಡ, ಆಳದ ಹೂವಿನ ಮಕರಂದ ಎಟುಕುವುದಿಲ್ಲ. ಅವಕ್ಕಾಗಿ ಕೊತ್ತಂಬರಿ, ಸಬ್ಬಸಿಗೆ, ಸೋಂಪಿನ ಒಂದು ಪಾತಿಯನ್ನು ಹೂವಿಗೆ ಬಿಡಿ. ಮಣ್ಣು ಬಳಸುವವರಿಗೆ ಅಗಲದ ತಟ್ಟೆಯಲ್ಲಿ ಜೇಡಿ ಬೆರೆತ ಕೆಂಪುಮಣ್ಣು ಹಾಕಿ, ಒಂದು ಅಂಚನ್ನು ಮಾತ್ರ ದಿನಾ ಒದ್ದೆ ಮಾಡಿ. ನೀರು ನಿಲ್ಲುವಂತೆ ಸುರಿದರೆ ಸೊಳ್ಳೆ ಸಾಕಿದಂತಾಗುತ್ತದೆ.

ಕೂತು ನೋಡುವುದು

ಬಿಸಿಲೇರಿದ ಮೇಲೆ, 10ರಿಂದ 3 ಗಂಟೆಯ ನಡುವೆ ನೋಡಿ. ಮೋಡ ಕವಿದ ದಿನ ಕೋಗಿಲೆ ಕಣಜ ಹೊರಬೀಳುವುದು ಅಪರೂಪ. ಒಂದೂವರೆ ಮೀಟರ್ ದೂರದಲ್ಲಿ, ನಿಮ್ಮ ನೆರಳು ಪೆಟ್ಟಿಗೆಯ ಮೇಲೆ ಬೀಳದಂತೆ ಕೂರಿ. ಪ್ರತಿ ಬಾಯಿಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿರಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಯಾರು ಯಾವ ತೂತಿಗೆ ಹೋದರೆಂಬುದು ಕಲಸಿಹೋಗುತ್ತದೆ.

ಮೊದಲು ಕಾಣುವುದು ತಪಾಸಣೆ. ಕಣಜ ಹಲಗೆಯ ಮುಖದ ಮೇಲೆ ಓಡಾಡುತ್ತಾ, ಮೀಸೆಯಿಂದ ಒಂದೊಂದೇ ಬಾಯಿ ತಡವುತ್ತದೆ. ಖಾಲಿ ಕೊಳವೆಗಳನ್ನು ಬೇಗ ಬಿಡುತ್ತದೆ. ಕೆಲಸ ನಡೆಯುತ್ತಿರುವ ಗೂಡು ಸಿಕ್ಕಿದರೆ ಅಲ್ಲೇ ಸುಳಿದಾಡುತ್ತದೆ, ಅಥವಾ ಪಕ್ಕದ ಗೋಡೆಯ ಮೇಲೆ ಕೂತು ಕಾಯುತ್ತದೆ. ಒಡತಿ ಹಾರಿಹೋದ ಮೇಲೆ ತಲೆ ಮುಂದಾಗಿ ಒಳಗೆ ಹೋಗಿ ನೋಡಿ, ಹೊರಬಂದು, ಬೆನ್ನು ತಿರುಗಿಸಿ ಹಿಮ್ಮುಖವಾಗಿ ಒಳಸರಿಯುವುದು ಅನೇಕ ಜಾತಿಗಳ ರೀತಿ. ಹಿಮ್ಮುಖವಾಗಿ ಹೋಯಿತೆಂದರೆ ಮೊಟ್ಟೆಯಿಡುವ ಪ್ರಯತ್ನ ಎಂದು ಬರೆದುಕೊಳ್ಳಿ. ಬರೀ ತಲೆ ತೂರಿಸಿದ್ದನ್ನು ಮೊಟ್ಟೆಯ ಲೆಕ್ಕಕ್ಕೆ ಸೇರಿಸಬಾರದು. ಹೊಸಬರ ಟಿಪ್ಪಣಿಗಳಲ್ಲಿ ಆಗುವ ಮುಖ್ಯ ತಪ್ಪು ಇದೇ.

ಒಳಗಿರುವಾಗಲೇ ಒಡತಿ ಬಂದರೆ ಜಗಳ ನೋಡಲು ಸಿಗುತ್ತದೆ. ಕಣಜ ಉಂಡೆಯಾಗುತ್ತದೆ, ಒಡತಿ ಕಚ್ಚಿ ಎಳೆದು ಹೊರಗೆ ಬಿಸಾಡುತ್ತಾಳೆ. ದಪ್ಪ ಚಿಪ್ಪಿಗೆ ಹಲ್ಲು ನಾಟುವುದಿಲ್ಲ. ಕೆಳಗೆ ಬಿದ್ದ ಕಣಜ ಸುಧಾರಿಸಿಕೊಂಡು ಮತ್ತೆ ಮೇಲೇರುತ್ತದೆ. ಕೆಲವು ಜಾತಿಗಳು ಜಗಳಕ್ಕೇ ಅವಕಾಶ ಕೊಡುವುದಿಲ್ಲ: ಯುರೋಪಿನ ಹೆಡಿಕ್ರಮ್ ರುಟಿಲನ್ಸ್ ಎಂಬ ಕಣಜದ ಮೈವಾಸನೆ, ಅದು ಕನ್ನ ಹಾಕುವ ಫಿಲಾಂಥಸ್ ಕಣಜದ ಮೈವಾಸನೆಗೆ ಹೊಂದಿಕೊಂಡಿದೆ ಎಂಬುದು ಸಂಶೋಧನೆಯಿಂದ ಗೊತ್ತಾಗಿದೆ.

ಯಾವ ಹೊತ್ತಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಒಡತಿಯ ಕೆಲಸದ ಕ್ರಮವನ್ನು ಅವಲಂಬಿಸಿದೆ. ರಿಂಕಿಯಮ್ ಕುಲದ ಒಂಟಿ ಕಣಜ ಖಾಲಿ ಕೋಣೆಯಲ್ಲಿ ಮೊದಲು ಮೊಟ್ಟೆಯಿಡುತ್ತದೆ, ಸಣ್ಣ ನೂಲಿನಲ್ಲಿ ನೇತುಹಾಕಿ. ಆಮೇಲೆ ಚುಚ್ಚಿ ಅಲ್ಲಾಡದಂತೆ ಮಾಡಿದ ಕಂಬಳಿಹುಳುಗಳನ್ನು ಒಂದೊಂದಾಗಿ ತರುತ್ತದೆ. ಬುತ್ತಿ ತುಂಬುವವರೆಗೂ ಬಾಗಿಲು ತೆರೆದೇ ಇರುತ್ತದೆ. ಕ್ರೈಸಿಸ್ ಕುಲದ ಕೋಗಿಲೆ ಕಣಜಗಳು ಈ ಸಮಯದಲ್ಲಿ ನುಗ್ಗುತ್ತವೆ. ಇವುಗಳ ಮರಿಹುಳು ಕುಡುಗೋಲಿನಂಥ ದವಡೆಯಿಂದ ಒಡತಿಯ ಮೊಟ್ಟೆಯನ್ನೋ ಎಳೆಮರಿಯನ್ನೋ ಕೊಂದು, ಕಂಬಳಿಹುಳುಗಳನ್ನು ತಿಂದು ಬೆಳೆಯುತ್ತದೆ. ಜೇನುಗಳಲ್ಲಿ ಕ್ರಮ ತಲೆಕೆಳಗು: ಮೊದಲು ಪರಾಗ, ಕೊನೆಗೆ ಮೊಟ್ಟೆ, ಕೂಡಲೇ ಬಾಗಿಲು. ಆದ್ದರಿಂದ ಯುರೋಪಿನಲ್ಲಿ ಓಸ್ಮಿಯಾ ಜೇನುಗಳಿಗೆ ಕನ್ನ ಹಾಕುವ ಕ್ರೈಸುರಾ ಕಣಜ, ಒಡತಿ ಇನ್ನೂ ಪರಾಗ ತರುತ್ತಿರುವಾಗಲೇ ಮೊಟ್ಟೆಯಿಟ್ಟು ಹೋಗುತ್ತದೆ. ಅದರ ಮರಿ ಆತುರಪಡುವುದಿಲ್ಲ. ಜೇನಿನ ಮರಿಹುಳುವಿಗೆ ಅಂಟಿಕೊಂಡಿದ್ದು, ಅದು ಪರಾಗವನ್ನೆಲ್ಲ ತಿಂದು ರೇಷ್ಮೆ ಹೊದಿಕೆ ನೇಯ್ದು ಮುಗಿಸಿದ ಮೇಲೆ ಅದನ್ನೇ ತಿನ್ನುತ್ತದೆ. ಒಂದು ಬುತ್ತಿಯ ಕಳ್ಳ, ಇನ್ನೊಂದು ಮರಿಯ ಕೊಲೆಗಾರ. ಕೋಣೆ ತೆರೆದು ನೋಡುವಾಗ ಈ ಭೇದ ನೆನಪಿರಲಿ: ಮೊದಲನೆಯದರಲ್ಲಿ ಒಡತಿಯ ರೇಷ್ಮೆ ಹೊದಿಕೆ ಇರುವುದೇ ಇಲ್ಲ, ಎರಡನೆಯದರಲ್ಲಿ ಕಳ್ಳನ ಹೊದಿಕೆ ಒಡತಿಯ ಹೊದಿಕೆಯ ಒಳಗಿರುತ್ತದೆ.

ಬಾಗಿಲು ಮುಚ್ಚಿದ ಮೇಲೆ ಬರುವ ಕೋಗಿಲೆ ಕಣಜವೂ ಇದೆ. ಸ್ಟಿಲ್ಬಮ್ ಸಯನ್ಯೂರಮ್ ಮಣ್ಣಿನ ಗೂಡಿನ ಗೋಡೆಯನ್ನೇ ಕೊರೆದು ಮೊಟ್ಟೆಯಿಡುತ್ತದೆ. ಇದನ್ನು ನೋಡಲು ಪೆಟ್ಟಿಗೆ ಬೇಕಿಲ್ಲ. ಹಂಚಿನ ಮನೆಯ ಜಂತೆ, ಕಿಟಕಿಯ ಮೂಲೆ, ದನದ ಕೊಟ್ಟಿಗೆಯ ಗೋಡೆ, ಎಲ್ಲಿ ಕುಂಬಾರ ಹುಳು ಮಣ್ಣು ಮೆತ್ತಿದೆಯೋ ಅಲ್ಲಿ ಬಿಸಿಲು ಹೊತ್ತಿನಲ್ಲಿ ಕಾದರೆ ಸಾಕು. ಒಣಗಿದ ಮಣ್ಣುಗೂಡಿನ ಮೇಲೆ ದೊಡ್ಡ ನೀಲಿ ಕಣಜವೊಂದು ಒಂದೇ ಕಡೆ ಬಹಳ ಹೊತ್ತು ಕೂತಿದೆಯೆಂದರೆ ಅಲ್ಲಿ ಕೆಲಸ ನಡೆಯುತ್ತಿದೆ. ಗೂಡಿನ ಮೇಲೆ ಸುಣ್ಣ ಹೊಡೆಯುವ ಮುನ್ನ ಒಮ್ಮೆ ನೋಡಿ.

ಬಾಯಿಯ ಬಿರಡೆ ಓದುವುದು

ಕೊಳವೆ ಮುಚ್ಚಿದ ವಸ್ತುವಿನಿಂದ ಒಡತಿ ಯಾರೆಂದು ಸಾಕಷ್ಟು ಹೇಳಬಹುದು. ದುಂಡಗೆ ಕತ್ತರಿಸಿದ ಎಲೆಯ ಬಿಲ್ಲೆಗಳಾದರೆ ಎಲೆ ಕತ್ತರಿಸುವ ಮೆಗಾಕೈಲ್. ಕಪ್ಪು ಅಥವಾ ಕಂದು ಅಂಟಾದರೆ ಅಂಟು ಬಳಸುವ ಮೆಗಾಕೈಲ್ ಅಥವಾ, ತೂತು ಚಿಕ್ಕದಿದ್ದರೆ, ಹೆರಿಯಾಡಿಸ್. ಒಣ ಹುಲ್ಲಿನ ಕಂತೆ ಹೊರಗೆ ಚಾಚಿದ್ದರೆ ಐಸೊಡಾಂಶಿಯಾ ಕಣಜ. ಮಣ್ಣಾದರೆ ಹಲವರು: ರಿಂಕಿಯಮ್, ಟ್ರೈಪಾಕ್ಸಿಲಾನ್, ಮೆಗಾಕೈಲ್ ಲನಾಟಾ ಕೂಡ. ಆಗ ಹಗಲಲ್ಲಿ ಒಡತಿ ಏನು ಹೊತ್ತು ತರುತ್ತಿದ್ದಳು ಎಂದು ಬರೆದಿಟ್ಟ ಟಿಪ್ಪಣಿಯೇ ಗತಿ.

ಸೀಸೆಯಲ್ಲಿ ಹೊರಬರಿಸುವುದು

ಯಾರ ಕೋಣೆಯಿಂದ ಯಾರು ಬಂದರು ಎಂದು ಖಚಿತವಾಗಿ ತಿಳಿಯಲು ಇದೊಂದೇ ದಾರಿ.

ಬಾಯಿ ಮುಚ್ಚಿದ ದಿನವೇ ಸಂಜೆ ಆ ಕೊಳವೆಯನ್ನು ತೆಗೆದು, ಅದೇ ಅಳತೆಯ ಖಾಲಿ ಕೊಳವೆಯನ್ನು ಅಲ್ಲಿ ಇಡಿ. ಅದೇ ಸಂಜೆ ಯಾಕೆಂದರೆ, ಬಾಗಿಲು ಮುಚ್ಚಿದ ಮೇಲೆ ಬರುವ ಲ್ಯೂಕಾಸ್ಪಿಸ್, ಮೊನೊಡಾಂಟೊಮೆರಸ್ ಎಂಬ ಕನ್ನಗಳ್ಳ ಕಣಜಗಳು ಹೊರಗೋಡೆಯ ಮೂಲಕ ಕೊರೆಯಲು ನೋಡುತ್ತವೆ. ಕೋಗಿಲೆ ಕಣಜ ಮೊಟ್ಟೆಯಿಟ್ಟಿದ್ದರೆ ಅದು ಆಗಲೇ ಒಳಗಿದೆ. ತೆಗೆದಿಟ್ಟದ್ದರಿಂದ ಅದು ತಪ್ಪಿಹೋಗುವುದಿಲ್ಲ. ಕೊಳವೆಯನ್ನು ಅಡ್ಡವಾಗಿಯೇ, ಅಲುಗಿಸದೆ ಸಾಗಿಸಿ. ಮೊದಲ ವಾರದಲ್ಲಿ ಕುಲುಕಿದರೆ ಪರಾಗದ ಮೇಲಿಟ್ಟ ಮೊಟ್ಟೆ ಜಾರಿ ಸಾಯುತ್ತದೆ.

ಒಂದು ಕೊಳವೆಗೆ ಒಂದು ಸೀಸೆ. ಉಪ್ಪಿನಕಾಯಿಯ ಹಳೇ ಗಾಜಿನ ಸೀಸೆಯೂ ಆದೀತು, ವಾಸನೆ ಹೋಗುವಂತೆ ತೊಳೆದು ಒಣಗಿಸಿರಬೇಕು. ಬಾಯಿಗೆ ತೀರಾ ನೇಯ್ಗೆ ಬಿಗಿಯಿರುವ ಬಟ್ಟೆ, ಮೇಲೆ ರಬ್ಬರ್ ಬ್ಯಾಂಡ್ ಎರಡು ಸುತ್ತು. ಚೀಟಿಯಲ್ಲಿ ಕೊಳವೆಯ ಸಂಖ್ಯೆ, ಒಳ ಅಳತೆ, ಮುಚ್ಚಿದ ದಿನ, ಬಿರಡೆಯ ವಸ್ತು, ಕಂಡ ಒಡತಿ, ಸ್ಥಳ ಬರೆದು ಸೀಸೆಯೊಳಗೇ ಹಾಕಿ. ಹೊರಗೆ ಅಂಟಿಸಿದ ಚೀಟಿ ಮಳೆಗಾಲದಲ್ಲಿ ಕಳಚಿಬೀಳುತ್ತದೆ. ಸೀಸೆಗಳನ್ನು ಗಾಳಿಯಾಡುವ ನೆರಳಿನ ಕಪಾಟಿನಲ್ಲಿಡಿ. ಫ್ರಿಜ್ ಬೇಡ, ಟಿವಿಯ ಹಿಂದಿನ ಬಿಸಿಯೂ ಬೇಡ.

ಎರಡು ವಾರ ಕಳೆದ ಮೇಲೆ ದಿನಾ ಬೆಳಿಗ್ಗೆ ಒಮ್ಮೆ ನೋಡಿ. ಬಯಲುಸೀಮೆಯ ಬಿಸಿಯಲ್ಲಿ ಅನೇಕ ಮೆಗಾಕೈಲ್‌ಗಳು ಒಂದೆರಡು ತಿಂಗಳಲ್ಲಿ ಹೊರಬರುತ್ತವೆ, ಗಂಡುಗಳು ಮೊದಲು. ಕೆಲವು ಕೋಣೆಗಳು ಬೇಸಿಗೆ ಪೂರ್ತಿ ಸುಮ್ಮನಿದ್ದು ಮುಂದಿನ ಮಳೆಗೆ ಏಳುತ್ತವೆ. ಏನೂ ಬರಲಿಲ್ಲವೆಂದು ಎಸೆಯುವ ಮುನ್ನ ಒಂದು ವರ್ಷ ಕಾಯಿರಿ. ಹೊರಬಂದದ್ದನ್ನು ಫೋಟೊ ತೆಗೆದು, ಪೆಟ್ಟಿಗೆಯಿದ್ದ ಜಾಗದಲ್ಲೇ ಬಿಟ್ಟುಬಿಡಿ. ಕೋಗಿಲೆ ಕಣಜವನ್ನೂ ಅಷ್ಟೇ.

ಎಲ್ಲ ಹೊರಬಂದ ಮೇಲೆ ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿ. ಚಾಕುವನ್ನು ಬಾಯಿಯಲ್ಲಿಟ್ಟು ಮೆಲ್ಲಗೆ ತಟ್ಟಿದರೆ ಬಿದಿರು ನೇರವಾಗಿ ಒಡೆಯುತ್ತದೆ. ಒಳಗಿನಿಂದ ಬಾಯಿಯವರೆಗೆ ಕೋಣೆಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು, ಪ್ರತಿಯೊಂದರಲ್ಲಿ ಏನು ಉಳಿದಿದೆ ಎಂದು ಬರೆಯಿರಿ. ತೆಳುವಾದ, ಅರೆಪಾರದರ್ಶಕ ಕಂದು ಹೊದಿಕೆ ಮತ್ತು ಒಂದೇ ಹುಳು ಹೊರಬಂದ ಗುರುತು ಇದ್ದರೆ ಕೋಗಿಲೆ ಕಣಜದ ಸಾಧ್ಯತೆ ಹೆಚ್ಚು. ಬಾಯಿಯ ಹತ್ತಿರದ ಕೊನೆಯ ಕೋಣೆ ಪೂರ್ತಿ ಖಾಲಿಯಿದ್ದರೆ ಗಾಬರಿ ಬೇಡ, ಕೆಲವು ತಾಯಂದಿರು ಬೇಕೆಂದೇ ಖಾಲಿ ಬಿಡುತ್ತಾರೆ. ಕೊರೆಯಲು ಬಂದವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಕೆಡುವುದು ಎಲ್ಲಿ

ಮೆಲಿಟೋಬಿಯಾ ಎಂಬ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ. ಒಂದೂವರೆ ಮಿ.ಮೀ. ಕೂಡ ಇಲ್ಲದ ಕಪ್ಪು ಕಣಜ. ಒಂದು ಮರಿಹುಳುವಿನ ಮೇಲೆ ನೂರಾರು ಮರಿಗಳು ಬೆಳೆಯುತ್ತವೆ, ಬಿಸಿಯಿರುವ ದಿನಗಳಲ್ಲಿ ಎರಡು ಮೂರು ವಾರಕ್ಕೆ ಒಂದು ತಲೆಮಾರು. ಸೀಸೆಯ ಒಳಮೈ ಮೇಲೆ ಧೂಳಿನ ಕಣಗಳು ನಡೆದಾಡಿದಂತೆ ಕಂಡರೆ ಅದೇ. ಸಡಿಲ ಹತ್ತಿ, ಸೊಳ್ಳೆಪರದೆಯ ಬಟ್ಟೆ ಯಾವುದೂ ತಡೆಯದು, ಕಪಾಟಿನ ಎಲ್ಲ ಸೀಸೆಗಳಿಗೂ ಹರಡುತ್ತದೆ. ಕಂಡ ಕೂಡಲೇ ಆ ಸೀಸೆಯನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ದಿನ ಇಟ್ಟು, ಆಮೇಲೆ ಎಸೆಯಿರಿ. ಸೀಸೆ ಉಳಿಸಿಕೊಳ್ಳುವುದಾದರೆ ಕುದಿನೀರು, ಸೋಪು. ಪಕ್ಕದ ಸೀಸೆಗಳನ್ನು ಬೇರೆ ಕೋಣೆಗೆ ಒಯ್ಯಿರಿ. ಕೋಗಿಲೆ ಕಣಜ ಒಂದು ಕೋಣೆಯಿಂದ ಒಂದೇ ಮರಿ ಎತ್ತುತ್ತದೆ, ಇದು ಒಂದು ಕೋಣೆಯಿಂದ ಇಡೀ ಕಪಾಟನ್ನು ಮುಗಿಸುತ್ತದೆ. ಮಿಂಚುವ ಕಣಜವನ್ನು ಹೊಸಕಿ ಹಾಕಿ ಇದನ್ನು ಗಮನಿಸದೆ ಬಿಡುವವರೇ ಹೆಚ್ಚು.

ಪರಾಗದ ಮೇಲೆ ಹಿಟ್ಟಿನಂಥ ನುಸಿ ತುಂಬಿದ್ದರೆ ಕಾರಣ ಹಳೇ ಕೊಳವೆ. ಒಮ್ಮೆ ಬಳಸಿದ ಬಿದಿರನ್ನು ಮತ್ತೆ ಬಳಸಬೇಡಿ, ಒಲೆಗೆ ಹಾಕಿ. ಗಾಡಿಯ ಹಲಗೆಯನ್ನು ಪ್ರತಿ ಬಾರಿ ಕೆರೆದು, ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಓಎಚ್‌ಪಿ ಹಾಳೆ ಬದಲಿಸಿ. ಬೂಷ್ಟು ಕಂಡರೆ ಜಾಗ ಒದ್ದೆಯಾಗಿದೆ ಅಥವಾ ಬಿದಿರು ಹಸಿಯಾಗಿತ್ತು.

ಬಾಲ ಚೂಪಾದ ಕಪ್ಪು ಜೇನೊಂದು ಎಲೆಯ ಗೂಡುಗಳ ಸುತ್ತ ಸುಳಿಯುತ್ತಿದ್ದರೆ ಅದು ಸೀಲಿಯಾಕ್ಸಿಸ್. ಕೋಗಿಲೆ ಕಣಜದ ಕಸುಬೇ ಅದರದ್ದೂ, ಕುಲ ಮಾತ್ರ ಜೇನಿನದು. ಮುಚ್ಚದ ಬಾಯಿಯ ಮುಂದೆ ರೋಮದ ನೊಣವೊಂದು ಗಾಳಿಯಲ್ಲಿ ನಿಂತು ಹೊಟ್ಟೆ ಚಿಮ್ಮಿಸುತ್ತಿದ್ದರೆ ಆಂಥ್ರಾಕ್ಸ್, ಮೊಟ್ಟೆಗಳನ್ನು ಒಳಗೆ ಎಸೆಯುತ್ತಿದೆ. ಬೆನ್ನ ಮೇಲೆ ಮಡಚಿದ ನಳಿಕೆ ಹೊತ್ತ ಹಳದಿ ಕಪ್ಪು ಕಣಜ ಲ್ಯೂಕಾಸ್ಪಿಸ್. ಇವೆಲ್ಲ ಬಂದರೆ ಬರಲಿ. ಆದರೆ ಹೊರಬಂದವರಲ್ಲಿ ಒಡತಿಯರಿಗಿಂತ ಕಳ್ಳರೇ ಹೆಚ್ಚೆಂದು ಲೆಕ್ಕ ಹೇಳಿದರೆ, ತಪ್ಪು ಪೆಟ್ಟಿಗೆಯದ್ದು. 200 ಕೊಳವೆಗಳ ಗೋಡೆ ಕಟ್ಟಿದರೆ ಹುಡುಕುವ ಕೆಲಸವೇ ಇಲ್ಲದಂತೆ ಎಲ್ಲ ಗೂಡುಗಳನ್ನೂ ಒಂದೇ ಕಡೆ ತೋರಿಸಿಕೊಟ್ಟ ಹಾಗೆ. 20ರ ಕಟ್ಟುಗಳಾಗಿ ಬಿಡಿಸಿ, 10 ಮೀಟರ್ ಅಂತರದಲ್ಲಿ, ಗಿಡಗಳ ಮರೆಯಿಂದ ಬೇರೆಯಾಗುವಂತೆ ಇಡಿ. ಕೀಟನಾಶಕ ಸಿಂಪಡಿಸುವ ಮಾತೇ ಬೇಡ, ಅದು ಒಡತಿ ಯಾರು, ಕಳ್ಳ ಯಾರು ಎಂದು ಕೇಳುವುದಿಲ್ಲ.

ಫೋಟೊ ಮತ್ತು ಹೆಸರು

ಕುಟುಂಬ ಗುರುತಿಸುವುದು ಸುಲಭ, ಜಾತಿ ಗುರುತಿಸುವುದು ಕಷ್ಟ. ಬಣ್ಣ ಮೇಲ್ಚಿಪ್ಪಿನ ಸೂಕ್ಷ್ಮ ಪದರಗಳಿಂದ ಬೆಳಕು ಪ್ರತಿಫಲಿಸಿ ಬರುವಂಥದ್ದು, ನೋಡುವ ಕೋನ ಬದಲಾದರೆ ಹಸಿರು ನೀಲಿಯಾಗುತ್ತದೆ. ಆದ್ದರಿಂದ ನಾಲ್ಕು ಫೋಟೊ ಬೇಕು: ಮೇಲಿನಿಂದ, ಪಕ್ಕದಿಂದ, ಮುಖ, ಮತ್ತು ಮುಖ್ಯವಾಗಿ ಹೊಟ್ಟೆಯ ತುದಿ. ತುದಿಯ ಅಂಚಿನ ಹಲ್ಲುಗಳನ್ನು ಎಣಿಸಲು ಆಗಬೇಕು. ಟ್ರೈಕ್ರೈಸಿಸ್‌ಗೆ ಮೂರು, ಸ್ಟಿಲ್ಬಮ್‌ಗೆ ನಾಲ್ಕು, ಕ್ರೈಸಿಸ್‌ಗಳಲ್ಲಿ ಅನೇಕಕ್ಕೆ ನಾಲ್ಕು, ಕೆಲವಕ್ಕೆ ಬೇರೆ. ಹೆಡಿಕ್ರಮ್‌ಗೆ ಹಲ್ಲೇ ಇಲ್ಲ, ಅಂಚು ದುಂಡಗಿರುತ್ತದೆ. ನೆಲದಲ್ಲಿ ಗೂಡು ಮಾಡುವ ಕಣಜಗಳೇ ಅದರ ಗುರಿ, ಹಾಗಾಗಿ ನಿಮ್ಮ ಕೊಳವೆಯಿಂದ ಅದು ಬಂದಿತೆಂದು ಬರೆಯುವ ಮುನ್ನ ಇನ್ನೊಮ್ಮೆ ಎಣಿಸಿ. ಉಂಡೆಯಾಗದ ಹೊತ್ತಿನಲ್ಲಿ ಹೊಟ್ಟೆಯ ಅಡಿಭಾಗದ ಕಪ್ಪು ಮಚ್ಚೆಗಳ ಆಕಾರವೂ ಸಿಕ್ಕರೆ ತಜ್ಞರಿಗೆ ಅನುಕೂಲ.

ಫ್ಲ್ಯಾಶ್ ನೇರವಾಗಿ ಹೊಡೆದರೆ ಕುಳಿಗಳೆಲ್ಲ ಬಿಳಿಯಾಗಿ ಸುಟ್ಟುಹೋಗುತ್ತವೆ. ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಕಾಗದ ಕಟ್ಟಿ, ಅಥವಾ ಸೀಸೆಯನ್ನು ನೆರಳಲ್ಲಿಟ್ಟು ಪಕ್ಕದಲ್ಲಿ ಬಿಳಿ ಥರ್ಮೊಕೋಲ್ ಹಿಡಿಯಿರಿ. ಅಳತೆಗೆ ಕೆಳಗೆ ಮಿ.ಮೀ. ಗೆರೆಯ ಗ್ರಾಫ್ ಹಾಳೆ ಹಾಸಿ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜೀವಿ ಗುರುತಿಸುವ ಜಾಲತಾಣಕ್ಕೆ ಹಾಕುವಾಗ ಒಡತಿಯ ಫೋಟೊ, ಬಿರಡೆಯ ಫೋಟೊ, ಕೊಳವೆಯ ಸಂಖ್ಯೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ, ಬರೀ ಮಿಂಚುವ ಹುಳುವನ್ನಷ್ಟೇ ಅಲ್ಲ. ಸೀಸೆಯಲ್ಲೇ ಸತ್ತ ಕಣಜವಿದ್ದರೆ ಎಸೆಯಬೇಡಿ: ಅದರ ಬಣ್ಣ ಸತ್ತ ಮೇಲೂ ಮಾಸುವುದಿಲ್ಲ. ಒಣಗಿಸಿ, ಚೀಟಿಯ ಸಮೇತ ಸಣ್ಣ ಡಬ್ಬಿಯಲ್ಲಿಟ್ಟರೆ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಂಥ ಕಡೆಯ ತಜ್ಞರಿಗೆ ತೋರಿಸಬಹುದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪೆಟ್ಟಿಗೆ ಇಡುವುದಾಗಲಿ ಹುಳು ಹಿಡಿಯುವುದಾಗಲಿ ಬೇಡ. ನಿಮ್ಮ ಹಿತ್ತಲಲ್ಲೇ, ಚಾವಣಿಯ ಮೇಲಿನ ಕುಂಡಗಳ ನಡುವೆಯೇ, ಒಂದು ಕಟ್ಟು ಮತ್ತು ಒಂದು ಗಾಡಿಯ ಹಲಗೆ ಇಟ್ಟರೆ ಒಂದು ವರ್ಷಕ್ಕೆ ಬೇಕಾದಷ್ಟು ಕೆಲಸ ಸಿಗುತ್ತದೆ.